ಕಾರವಾರದಲ್ಲಿದ್ದುಕೊಂಡೇ ವರ್ತನಾ ವಿಶ್ಲೇಷಕಿ ಆಗಬಹುದೇ?

ಪ್ರಶ್ನೆ: ನಾನು ಕಾರವಾರದವಳು. ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮುಗಿಸಿ ಆರು ವರ್ಷಗಳಿಂದ ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಎರಡು ವರ್ಷದ ಆನ್‌ಲೈನ್ ಸ್ನಾತಕೋತ್ತರ ತರಬೇತಿ ಪಡೆದರೆ ಅಮೆರಿಕದ ಮಂಡಳಿಯಿಂದ ‘ಪ್ರಮಾಣಿತ ವರ್ತನಾ ವಿಶ್ಲೇಷಕಿ’ ಆಗಬಹುದು ಎಂದು ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ. ನೋಂದಣಿ ಶುಲ್ಕ ಕಟ್ಟಿದ್ದೇನೆ. ಉಳಿದದ್ದಕ್ಕೆ ಹದಿನೈದು ದಿನಗಳ ಗಡುವಿದೆ. ಅದಕ್ಕೆ ಕಂತಿನ ಸಾಲವನ್ನೂ ಅವರೇ ಕೊಡಿಸುತ್ತಾರಂತೆ. ಮಗಳು ಇನ್ನೂ ಚಿಕ್ಕವಳು, ಬೆಂಗಳೂರಿಗೆ ಹೋಗಿ ಓದುವ ಸ್ಥಿತಿ ಇಲ್ಲ. ಸೇರಬಹುದೇ?

ಉತ್ತರ: ಮೊದಲು ಗಡುವಿನ ವಿಷಯ ಹೇಳಿಬಿಡುತ್ತೇನೆ. ಹದಿನೈದು ದಿನಗಳೊಳಗೆ ಆ ಹಣವನ್ನು ಕಟ್ಟಬೇಡಿ. ನಿಮಗೆ ತೋರಿಸಿರುವ ಪ್ರಮಾಣಪತ್ರ ಬಿಎಸಿಬಿ ಎಂಬ ಅಮೆರಿಕದ ಮಂಡಳಿ ವರ್ತನಾ ವಿಶ್ಲೇಷಕರಿಗೆ, ಅಂದರೆ ಒಂದು ವರ್ತನೆ ಯಾಕೆ ನಡೆಯುತ್ತದೆ ಎಂದು ದಾಖಲೆಯಿಂದ ಹುಡುಕಿ ಅದನ್ನು ಬದಲಿಸುವ ಯೋಜನೆ ಮಾಡುವವರಿಗೆ, ಕೊಡುವ ಬಿಸಿಬಿಎ ಆಗಿದ್ದರೆ, ಭಾರತದಲ್ಲಿ ನೆಲೆಸಿರುವವರಿಂದ ಅದಕ್ಕೆ ಹೊಸ ಅರ್ಜಿ ಸ್ವೀಕರಿಸುವುದನ್ನು ಆ ಮಂಡಳಿ 2023ರ ಜನವರಿ 1ರಿಂದಲೇ ನಿಲ್ಲಿಸಿದೆ. 1998ರಲ್ಲಿ ಸ್ಥಾಪನೆಯಾದ ಈ ಮಂಡಳಿ ಎರಡು ದಶಕಗಳ ಕಾಲ ಜಗತ್ತಿನ ಯಾವ ಮೂಲೆಯವರಿಗೂ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತಿತ್ತು. ಈಗ ಅಮೆರಿಕ, ಕೆನಡಾದಂಥ ಬೆರಳೆಣಿಕೆಯ ದೇಶಗಳಿಗೆ ತನ್ನ ಕೆಲಸವನ್ನು ಸೀಮಿತಗೊಳಿಸಿಕೊಂಡಿದೆ. ಅದೇ ಮಂಡಳಿಯ ಕೆಳಹಂತದ ಆರ್‌ಬಿಟಿ ಎಂಬ ತಂತ್ರಜ್ಞರ ಪ್ರಮಾಣಪತ್ರಕ್ಕೂ ಇದೇ ನಿರ್ಬಂಧವಿದೆ. ಅದಕ್ಕೂ ಮೊದಲು ಪ್ರಮಾಣಪತ್ರ ಪಡೆದ ಭಾರತೀಯರು ಅದನ್ನು ನವೀಕರಿಸಿಕೊಂಡು ಉಳಿಸಿಕೊಳ್ಳಬಹುದು, ಹೊಸಬರು ಇಲ್ಲಿದ್ದುಕೊಂಡು ಪಡೆಯಲಾಗದು. ಹಾಗಿದ್ದೂ ಹಳೆಯ ಜಾಹೀರಾತುಗಳು ಇನ್ನೂ ಓಡಾಡುತ್ತಿವೆ. ಕೆಲವರು ತಿಳಿಯದೆ, ಕೆಲವರು ತಿಳಿದೇ, ‘ಬಿಸಿಬಿಎ ಪಠ್ಯಕ್ರಮಕ್ಕೆ ಅನುಗುಣವಾದ’ ಎಂಬ ಜಾಣ ಮಾತು ಬಳಸುತ್ತಾರೆ. ಪಠ್ಯಕ್ರಮ ಅನುಗುಣವಾಗಿರಬಹುದು, ಆದರೆ ಅದನ್ನು ಓದಿದವರಿಗೆ ಪರೀಕ್ಷೆಗೆ ಕೂರುವ ಹಕ್ಕು ಬರುವುದಿಲ್ಲ.

ನಾಳೆ ನೀವು ಕುಟುಂಬ ಸಮೇತ ಕೆನಡಾಕ್ಕೋ ಅಮೆರಿಕಕ್ಕೋ ಹೋಗಿ ನೆಲೆಸುವವರಾದರೆ ಲೆಕ್ಕ ಬೇರೆ. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ಇಲ್ಲದ್ದರಿಂದ, ಕಾರವಾರದಲ್ಲೇ ಇದ್ದು ಇಲ್ಲಿನ ಮಕ್ಕಳೊಡನೆ ಕೆಲಸ ಮಾಡುವವರು ನೀವು ಎಂದುಕೊಂಡೇ ಬರೆಯುತ್ತೇನೆ.

ಸಿಗದ ಪ್ರಮಾಣಪತ್ರದ ಬಗ್ಗೆಯೂ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಈ ವೃತ್ತಿಯ ತರಬೇತಿ ಹೇಗಿರಬೇಕು ಎಂಬುದಕ್ಕೆ ಅದೇ ಒಳ್ಳೆಯ ಅಳತೆಗೋಲು. ಬಿಸಿಬಿಎ ಆಗಲು ಸ್ನಾತಕೋತ್ತರ ಪದವಿ ಬೇಕು, ಅದರಲ್ಲಿ ವರ್ತನಾ ವಿಶ್ಲೇಷಣೆಗೇ ಮೀಸಲಾದ 315 ಗಂಟೆಗಳ ಪಾಠ ಬೇಕು, ಕೊನೆಯಲ್ಲಿ ನಾಲ್ಕು ಗಂಟೆಗಳ ಪರೀಕ್ಷೆ ಇದೆ. ಇವೆರಡರ ನಡುವೆ 2000 ಗಂಟೆಗಳ ಮೇಲ್ವಿಚಾರಿತ ಕ್ಷೇತ್ರಕಾರ್ಯವಿದೆ. ಹೆಚ್ಚು ನಿಕಟ ಮೇಲ್ವಿಚಾರಣೆ ಇರುವ ಇನ್ನೊಂದು ಮಾದರಿಯನ್ನು ಆರಿಸಿಕೊಂಡರೆ 1500 ಗಂಟೆ ಸಾಕು. ವಾರಕ್ಕೆ 20 ಗಂಟೆಯಂತೆ ಮಾಡಿದರೆ 2000 ಗಂಟೆ ಮುಗಿಯಲು ನೂರು ವಾರ, ಅಂದರೆ ಹೆಚ್ಚುಕಡಿಮೆ ಎರಡು ವರ್ಷ ಬೇಕು. ಅದರಲ್ಲಿ ಶೇ. 5ರಷ್ಟು, ಅಂದರೆ ನೂರು ಗಂಟೆ, ಅರ್ಹ ಮೇಲ್ವಿಚಾರಕರು ನಿಮ್ಮೊಡನೆ ಇರಬೇಕು: ನೀವು ಮಗುವಿನೊಡನೆ ಕೆಲಸ ಮಾಡುವುದನ್ನು ನೋಡಬೇಕು, ದಾಖಲೆಗಳನ್ನು ತಿದ್ದಬೇಕು, ನಿಮ್ಮ ಯೋಜನೆಯನ್ನು ಪ್ರಶ್ನಿಸಬೇಕು. ಇನ್ನೊಂದು ನಿಯಮ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಒಟ್ಟು ಗಂಟೆಗಳಲ್ಲಿ ಶೇ. 60ರಷ್ಟಾದರೂ ಮಗುವಿಗೆ ನೇರವಾಗಿ ಪಾಠ ಹೇಳುವುದರಲ್ಲಿ ಅಲ್ಲ; ಅವಲೋಕನ, ದಾಖಲೆ, ವಿಶ್ಲೇಷಣೆ, ಯೋಜನೆ ಮತ್ತು ತಂದೆತಾಯಿಗೆ ತರಬೇತಿ ಕೊಡುವುದರಲ್ಲಿ ಕಳೆಯಬೇಕು. ಆರು ವರ್ಷ ಪಾಠ ಮಾಡಿದ ನಿಮಗೆ ಪಾಠ ಹೇಳುವುದು ಬರುತ್ತದೆ. ನೀವು ಕಲಿಯಬೇಕಾಗಿರುವುದು ಈ ಶೇ. 60ರ ಭಾಗವನ್ನು.

ಅದು ಏನೆಂದು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮದೇ ಕರಾವಳಿಯ ಒಂದು ಶಾಲೆಯಲ್ಲಿ ಏಳು ವರ್ಷದ ಹುಡುಗನೊಬ್ಬ ಬೆಳಿಗ್ಗೆ ಶಾಲೆಯ ಬಾಗಿಲಲ್ಲೇ ನೆಲಕ್ಕೆ ಮಲಗಿಬಿಡುತ್ತಿದ್ದ. ಮಾತು ಕಡಿಮೆ. ‘ಹಟಮಾರಿ’ ಎಂದು ಶಿಕ್ಷಕರು ಹೇಳುತ್ತಿದ್ದರು. ‘ರೇನ್‌ಕೋಟ್ ತೆಗೆಯುವಾಗ ಅವನಿಗೆ ಕಿರಿಕಿರಿ’ ಎಂದು ತಾಯಿ ಹೇಳುತ್ತಿದ್ದರು. ಮಲಗುವುದು ಜೂನ್ ತಿಂಗಳಲ್ಲಿ ಶುರುವಾದ್ದರಿಂದ ತಾಯಿಯ ಮಾತೇ ಸರಿ ಎಂದು ನಮ್ಮ ತರಬೇತಿಯಲ್ಲಿದ್ದ ಹುಡುಗಿಗೂ ಅನ್ನಿಸಿತು. ರೇನ್‌ಕೋಟ್ ಬದಲು ಕೊಡೆ ಹಿಡಿದು ಕಳುಹಿಸಿದರು. ಮಲಗುವುದು ನಿಲ್ಲಲಿಲ್ಲ. ಆಮೇಲೆ ಆಕೆ ಮೂರು ವಾರ ಪ್ರತಿ ದಿನವೂ ಮೂರು ಕಲಂಗಳಲ್ಲಿ ಬರೆದಿಟ್ಟಳು: ಮಲಗುವ ಮೊದಲು ಏನು ನಡೆಯಿತು, ಹುಡುಗ ಏನು ಮಾಡಿದ, ಮಾಡಿದ ಮೇಲೆ ಅವನಿಗೆ ಏನು ಸಿಕ್ಕಿತು. ಎರಡನೆಯ ವಾರದ ಪುಟ ನೋಡಿದ ಮೇಲ್ವಿಚಾರಕರು ಕೇಳಿದ್ದು ಒಂದೇ ಪ್ರಶ್ನೆ: ‘ಮಳೆ ಬಿಟ್ಟ ದಿನ ಮಲಗಿಲ್ಲವಲ್ಲ, ಆ ದಿನ ಪ್ರಾರ್ಥನೆ ಎಲ್ಲಿ ಮಾಡಿದಿರಿ?’ ಬಿಸಿಲಿದ್ದ ದಿನ ಪ್ರಾರ್ಥನೆ ಅಂಗಳದಲ್ಲಿ. ಮಳೆ ಬಂದ ದಿನ ತಗಡಿನ ಮಾಡಿನ ಹಾಲಿನಲ್ಲಿ, ಮೇಲೆ ಮಳೆಯ ಸದ್ದು, ಕೆಳಗೆ ಮೈಕಿನ ಸದ್ದು. ಬಾಗಿಲಲ್ಲಿ ಮಲಗಿದರೆ ಆಯಾ ಎತ್ತಿಕೊಂಡು ಆಫೀಸಿನಲ್ಲಿ ಕೂರಿಸುತ್ತಿದ್ದಳು, ಪ್ರಾರ್ಥನೆ ತಪ್ಪುತ್ತಿತ್ತು. ಮಲಗುವುದು ಅವನ ಮಟ್ಟಿಗೆ ಒಂದು ಅರ್ಜಿ. ಅದಕ್ಕೆ ಮಂಜೂರಾತಿ ಪ್ರತಿ ಸಲವೂ ಸಿಗುತ್ತಿತ್ತು.

ಅದೇ ಅರ್ಜಿಯನ್ನು ಬೇರೆ ರೀತಿಯಲ್ಲಿ ಕೊಡಲು ಕಲಿಸುವುದೇ ಮುಂದಿನ ಕೆಲಸ. ಒಂದು ವರ್ತನೆ ಯಾವ ಉದ್ದೇಶವನ್ನು ಸಾಧಿಸುತ್ತಿದೆಯೋ ಅದೇ ಉದ್ದೇಶವನ್ನು ಸಾಧಿಸುವ ಸಂವಹನವನ್ನು ಕಲಿಸಿದರೆ ಆ ವರ್ತನೆ ತಾನಾಗಿ ಇಳಿಯುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞರಾದ ಕಾರ್ ಮತ್ತು ಡ್ಯೂರಾಂಡ್ 1985ರಲ್ಲಿ ತೋರಿಸಿದರು. ಇಂದಿಗೂ ಈ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲಿ ಅದೂ ಒಂದು. ತರಬೇತಿಯ ಹುಡುಗಿ ಹೊರಗಿನ ಜಗಲಿಯ ಚಿತ್ರವಿದ್ದ ಒಂದು ಕಾರ್ಡು ಮಾಡಿ, ಅದನ್ನು ಕೊಡುತ್ತ ‘ಹೊರಗೆ’ ಎನ್ನಲು ಕಲಿಸತೊಡಗಿದಳು. ಕಾರ್ಡು ಕೊಡುತ್ತಿದ್ದ, ಮಾತು ಬರುತ್ತಿರಲಿಲ್ಲ. ಹತ್ತನೆಯ ದಿನ ಹುಡುಗನ ಅಜ್ಜಿ ಬಂದು ನೋಡಿ ನಕ್ಕರು. ಮನೆಯಲ್ಲಿ ಆಡುವುದು ಕೊಂಕಣಿ. ಅವನಿಗೆ ಗೊತ್ತಿದ್ದ ಶಬ್ದ ‘ಭಾಯ್ರ’. ಮರುದಿನದಿಂದ ಆ ಶಬ್ದವನ್ನೇ ಹಿಡಿದರು, ವಾರದೊಳಗೆ ಅರ್ಧ ಉಚ್ಚಾರದಲ್ಲಿ ಬಂತು. ಮೊದಲು ಪ್ರಾರ್ಥನೆಯ ಹೊತ್ತೆಲ್ಲ ಜಗಲಿಯಲ್ಲಿ ನಿಲ್ಲಲು ಬಿಟ್ಟರು. ಆಮೇಲೆ ಬಾಗಿಲ ಹತ್ತಿರ, ಮೈಕ್ ಇಲ್ಲದೆ. ಮೈಕಿನ ಅಗತ್ಯ ಮೂವತ್ತು ಮಕ್ಕಳ ಶಾಲೆಗೆ ಯಾಕಿತ್ತು ಎಂಬುದನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ‘ವರ್ತನೆಯ ಉದ್ದೇಶವನ್ನು ಹುಡುಕಿ’ ಎಂಬ ಪಾಠವನ್ನು ಯಾವ ಆನ್‌ಲೈನ್ ತರಗತಿಯಲ್ಲಾದರೂ ಒಂದೂವರೆ ಗಂಟೆಯಲ್ಲಿ ಚೆನ್ನಾಗಿಯೇ ಕಲಿಸಬಹುದು. ನಮ್ಮ ಹುಡುಗಿಗೂ ಆ ಪಾಠ ಬಾಯಿಪಾಠವಾಗಿತ್ತು. ಆದರೂ ಮಳೆ ಎಂದರೆ ರೇನ್‌ಕೋಟ್ ಎಂದುಕೊಂಡಳೇ ಹೊರತು ತಗಡಿನ ಮಾಡು ಅವಳಿಗೆ ಹೊಳೆಯಲಿಲ್ಲ. ಅದನ್ನು ಹೊಳೆಯಿಸಿದ್ದು ದಾಖಲೆ ನೋಡಿ ಪ್ರಶ್ನೆ ಕೇಳಬಲ್ಲ ಮೇಲ್ವಿಚಾರಕರು. ಶಬ್ದ ಕೊಟ್ಟದ್ದು ಮನೆಯವರು. ಆದ್ದರಿಂದ ನಿಮಗೆ ನನ್ನ ಮುಖ್ಯ ಸಲಹೆ ಇದು: ಕೋರ್ಸು ಹುಡುಕುವ ಮೊದಲು ಮೇಲ್ವಿಚಾರಕರನ್ನು ಹುಡುಕಿ. ನಿಮ್ಮ ಸಂಸ್ಥೆಯವರು ‘ಸೂಪರ್‌ವಿಷನ್ ಅನ್ನು ವಿದ್ಯಾರ್ಥಿಯೇ ಏರ್ಪಡಿಸಿಕೊಳ್ಳಬೇಕು’ ಎಂಬ ಒಂದು ಸಾಲನ್ನು ಕರಾರಿನ ಎಲ್ಲೋ ಕೊನೆಯಲ್ಲಿ ಹಾಕಿದ್ದಾರೆಯೇ ಎಂದು ನೋಡಿ. ಹಾಕಿದ್ದರೆ, ತರಬೇತಿಯ ಅತ್ಯಂತ ಬೆಲೆಯುಳ್ಳ ಭಾಗವನ್ನು ಹೊರಗಿಟ್ಟು ಉಳಿದದ್ದಕ್ಕೆ ಪೂರ್ತಿ ಬೆಲೆ ಕೇಳುತ್ತಿದ್ದಾರೆ ಎಂದೇ ಅರ್ಥ.

ಇನ್ನು ಭಾರತದ ಕಾನೂನು. ಇಲ್ಲಿ ಎರಡು ಕಾಯ್ದೆಗಳು ನಿಮಗೆ ಸಂಬಂಧಪಡುತ್ತವೆ. ಮೊದಲನೆಯದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ. ಆ ಪರಿಷತ್ತಿನ ಕೇಂದ್ರ ನೋಂದಣಿಯಲ್ಲಿ ಹೆಸರಿಲ್ಲದವರು ಅಂಗವೈಕಲ್ಯವಿರುವವರಿಗೆ ಪುನರ್ವಸತಿ ವೃತ್ತಿಪರರಾಗಿ ಸೇವೆ ಕೊಡುವುದನ್ನು ಅದರ 13ನೆಯ ಸೆಕ್ಷನ್ ನಿಷೇಧಿಸುತ್ತದೆ. ಮೀರಿದರೆ ಒಂದು ವರ್ಷದವರೆಗಿನ ಸೆರೆವಾಸ, ಒಂದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ. ನಿಮ್ಮ ಬಿ.ಎಡ್. ಪರಿಷತ್ತಿನ ಮಾನ್ಯತೆ ಪಡೆದದ್ದಾಗಿದ್ದು ನಿಮ್ಮ ಬಳಿ ಆ ಕೇಂದ್ರ ನೋಂದಣಿಯ ಸಿಆರ್‌ಆರ್ ಸಂಖ್ಯೆ ಇದ್ದರೆ, ಯಾವ ಅಮೆರಿಕದ ಪ್ರಮಾಣಪತ್ರವೂ ಕೊಡಲಾರದ ಕಾನೂನಿನ ಆಧಾರ ನಿಮಗೆ ಈಗಾಗಲೇ ಇದೆ. ಅದರ ನವೀಕರಣ ತಪ್ಪಿಸಬೇಡಿ. ಸಮುದ್ರದಾಚೆಯ ಕಾಗದ ಹುಡುಕುವ ಭರದಲ್ಲಿ ಮನೆಯ ಕಪಾಟಿನಲ್ಲಿರುವ ಕಾಗದದ ಅವಧಿ ಮುಗಿಸಿಕೊಂಡ ಶಿಕ್ಷಕರನ್ನು ನಾನು ಕಂಡಿದ್ದೇನೆ. ವಿದೇಶದ ಯಾವುದೇ ವರ್ತನಾ ಪ್ರಮಾಣಪತ್ರ ಸಿಕ್ಕಿತೆಂದು ಹೆಸರಿನ ಮುಂದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬರೆದುಕೊಳ್ಳುವಂತೆಯೂ ಇಲ್ಲ; ಅದಕ್ಕೆ ಪರಿಷತ್ತಿನ ಬೇರೆಯೇ ಅರ್ಹತೆ ಇದೆ.

ಎರಡನೆಯದು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಭಾಗದ ಅಡಿಯಲ್ಲಿ ‘ವರ್ತನಾ ವಿಶ್ಲೇಷಕ’ ಎಂಬ ಹೆಸರೇ ಇದೆ ಎಂಬುದು ಈ ಕ್ಷೇತ್ರದಲ್ಲಿ ದುಡಿಯುವ ಹಲವರಿಗೇ ಗೊತ್ತಿಲ್ಲ. ಈ ಕಾಯ್ದೆ ಸಹಾಯಕ ಆರೋಗ್ಯ ವೃತ್ತಿಪರರಿಗೆ ಕನಿಷ್ಠ 2000 ಗಂಟೆಗಳ, ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3600 ಗಂಟೆಗಳ ವ್ಯಾಸಂಗವನ್ನು ನಿಗದಿಮಾಡುತ್ತದೆ. ಈ ಆಯೋಗ ಮತ್ತು ರಾಜ್ಯ ಪರಿಷತ್ತುಗಳ ಅಡಿಯ ನೋಂದಣಿಯ ಹೊತ್ತಿಗೆ ನಿಮ್ಮ ಕೈಯಲ್ಲಿ ಎಷ್ಟು ಗಂಟೆಗಳ, ಎಲ್ಲಿ ಪಡೆದ, ಯಾರು ಸಹಿ ಮಾಡಿದ ತರಬೇತಿ ಇದೆ ಎಂಬುದೇ ಪ್ರಶ್ನೆಯಾಗುತ್ತದೆ. ಹಾಗಾಗಿ ಯಾವ ತರಬೇತಿ ಪಡೆದರೂ ಗಂಟೆಗಳ ದಿನಚರಿಯನ್ನು ದಿನಾಂಕ, ಸ್ಥಳ, ಕೆಲಸ, ಮೇಲ್ವಿಚಾರಕರ ಸಹಿ ಸಮೇತ ಇವತ್ತಿನಿಂದಲೇ ಇಡಿ.

ಈ ಕಾಯ್ದೆಯಿಂದಲೇ ಹುಟ್ಟಿದ ಇನ್ನೊಂದು ತೊಡಕು ನೇರವಾಗಿ ನಿಮ್ಮ ‘ಆನ್‌ಲೈನ್’ ಎಂಬ ಪದಕ್ಕೆ ತಗಲುತ್ತದೆ. ಮನಃಶಾಸ್ತ್ರವೂ ಸೇರಿದಂತೆ ಇದರ ವ್ಯಾಪ್ತಿಗೆ ಬರುವ ಆರೋಗ್ಯ ಸಂಬಂಧಿ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮುಕ್ತ, ದೂರ ಅಥವಾ ಆನ್‌ಲೈನ್ ವಿಧಾನದಲ್ಲಿ ನಡೆಸಕೂಡದು ಎಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಎಂದರೆ ಭಾರತದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಯಾರಾದರೂ ಈ ವಿಷಯದಲ್ಲಿ ಪೂರ್ತಿ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಹೊಸ ಪ್ರವೇಶ ಕೊಡುತ್ತಿದ್ದರೆ, ಆ ಪ್ರವೇಶದ ಮಾನ್ಯತೆಯನ್ನೇ ಮೊದಲು ಪ್ರಶ್ನಿಸಬೇಕು. ವಿದೇಶಿ ವಿಶ್ವವಿದ್ಯಾಲಯದ್ದಾದರೆ ಆ ಪದವಿಗೆ ಇಲ್ಲಿ ತಾನಾಗಿ ಮಾನ್ಯತೆ ಸಿಗುವುದಿಲ್ಲ, ಸಮಾನತೆಯ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಮಾನ್ಯತೆ ಇಲ್ಲದ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಆನ್‌ಲೈನ್ ಪದವಿ ಮಾರುತ್ತಿರುವ ಬಗ್ಗೆ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು. ನಿಮ್ಮ ಪತ್ರದಲ್ಲಿ ‘ಸ್ನಾತಕೋತ್ತರ ತರಬೇತಿ’ ಎಂದಿದೆ, ‘ಸ್ನಾತಕೋತ್ತರ ಪದವಿ’ ಎಂದಿಲ್ಲ. ಅದು ನೀವು ಬರೆದದ್ದೋ ಅವರ ಕರಪತ್ರದಲ್ಲಿದ್ದದ್ದೋ ನೋಡಿಕೊಳ್ಳಿ. ಪದವಿ ಮುಗಿಸಿದವರಿಗೆ ಕೊಡುವ ಯಾವ ಸರ್ಟಿಫಿಕೇಟನ್ನೂ ಸ್ನಾತಕೋತ್ತರ ಎಂದು ಕರೆಯಲು ಅಡ್ಡಿಯಿಲ್ಲವಲ್ಲ.

ಹಾಗಾದರೆ ಕಾರವಾರದಲ್ಲಿದ್ದುಕೊಂಡು ಏನೂ ಮಾಡಲಾಗದೇ? ಮಾಡಬಹುದು. ಅಮೆರಿಕದ ಮಂಡಳಿ ಹಿಂದೆ ಸರಿದ ಮೇಲೆ ಭಾರತದವರು ಹೆಚ್ಚಾಗಿ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳ ಕಡೆಗೆ ತಿರುಗಿದ್ದಾರೆ. ಐಬಿಎಒ ಎಂಬ ಸಂಸ್ಥೆ ಐಬಿಎ ಎಂಬ ವಿಶ್ಲೇಷಕರ ಪ್ರಮಾಣಪತ್ರವನ್ನೂ ಐಬಿಟಿ ಎಂಬ ಚಿಕಿತ್ಸಕರ ಪ್ರಮಾಣಪತ್ರವನ್ನೂ ಕೊಡುತ್ತದೆ. ಕ್ಯೂಎಬಿಎ ಎಂಬ ಇನ್ನೊಂದರಲ್ಲಿ ತಂತ್ರಜ್ಞರಿಗೆ ಎಬಿಎಟಿ, ನಡುವಿನ ಹಂತಕ್ಕೆ ಕ್ಯೂಎಎಸ್‌ಪಿ-ಎಸ್, ಮೇಲಿನ ಹಂತಕ್ಕೆ ಕ್ಯೂಬಿಎ ಎಂಬ ಮೆಟ್ಟಿಲುಗಳಿವೆ. ಇವುಗಳಿಗೆ ಪಾಠವನ್ನೂ ಮೇಲ್ವಿಚಾರಣೆಯ ಒಂದು ಭಾಗವನ್ನೂ ಆನ್‌ಲೈನಿನಲ್ಲೇ ಪಡೆಯಬಹುದು. ಇವು ಭಾರತ ಸರ್ಕಾರದ ಪರವಾನಗಿಗಳಲ್ಲ, ಪರಿಷತ್ತಿನ ನೋಂದಣಿಗೆ ಬದಲಿಯೂ ಅಲ್ಲ. ನೋಂದಣಿ ಇರುವವರ ಕೌಶಲಕ್ಕೆ ಒಂದು ಹೊರಗಿನ ಸಾಕ್ಷಿ ಎಂದು ತಿಳಿದರೆ ಸರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ತಂತ್ರಜ್ಞರ ಹಂತದ ನಲವತ್ತು ಗಂಟೆಗಳ ತರಬೇತಿಯನ್ನು ಮಾತ್ರ ತೆಗೆದುಕೊಳ್ಳುತ್ತಿದ್ದೆ. ಆರು ವರ್ಷದ ಶಿಕ್ಷಕಿಗೆ ಅದು ಕೆಳಗಿನ ಮೆಟ್ಟಿಲು ಅನ್ನಿಸಬಹುದು. ಆದರೆ ಖರ್ಚು ಕಡಿಮೆ, ಮತ್ತು ಈ ಕೆಲಸದ ಸ್ವಭಾವ ನಿಮಗೆ ಒಗ್ಗುತ್ತದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಹತ್ತು ಸೆಕೆಂಡಿಗೊಮ್ಮೆ ಗೀಟು ಹಾಕುವುದು, ಗ್ರಾಫ್ ಬರೆಯುವುದು, ‘ಸುಧಾರಿಸಿದ್ದಾನೆ’ ಎಂಬ ಅನಿಸಿಕೆಯನ್ನು ಅಂಕಿ ಒಪ್ಪದಿದ್ದರೆ ಬಿಟ್ಟುಕೊಡುವುದು ಎಲ್ಲರಿಗೂ ಹಿಡಿಸುವುದಿಲ್ಲ. ಒಳ್ಳೆಯ ಶಿಕ್ಷಕರಲ್ಲೇ ಅನೇಕರಿಗೆ ಹಿಡಿಸುವುದಿಲ್ಲ. ಹಿಡಿಸಿದರೆ, 2023ಕ್ಕೆ ಮೊದಲು ಬಿಸಿಬಿಎ ಪಡೆದು ಈಗಲೂ ಉಳಿಸಿಕೊಂಡಿರುವ ಅಥವಾ ಐಬಿಎ ಇರುವ ಭಾರತೀಯರೊಬ್ಬರನ್ನು, ಸಾಧ್ಯವಾದರೆ ಕನ್ನಡ ಬಲ್ಲವರನ್ನು, ಮೇಲ್ವಿಚಾರಕರಾಗಿ ಒಪ್ಪಿಸಿಕೊಳ್ಳಿ. ಅವರ ಮೇಲ್ವಿಚಾರಣೆಯನ್ನು ಯಾವ ಮಂಡಳಿ ಒಪ್ಪುತ್ತದೆಂದು ನೋಡಿ ಆಮೇಲೆ ಮೇಲಿನ ಹಂತದ ಕೋರ್ಸನ್ನು ಆರಿಸಿ. ಪದವಿಯೇ ಬೇಕೆಂದಿದ್ದರೆ, ಪರಿಷತ್ತಿನ ಮಾನ್ಯತೆಯ ವಿಶೇಷ ಶಿಕ್ಷಣದ ಎಂ.ಎಡ್. ನಿಮ್ಮ ಈಗಿನ ದಾರಿಯ ಸಹಜ ಮುಂದುವರಿಕೆ. ಮನಃಶಾಸ್ತ್ರವೇ ಬೇಕಾದರೆ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಅರಬೈಲು ಘಟ್ಟ ಹತ್ತಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗುವುದು ದುಬಾರಿ ಆನ್‌ಲೈನ್ ಪದವಿಗಿಂತ ಗಟ್ಟಿ ನಿರ್ಧಾರ.

ಆನ್‌ಲೈನ್ ಕಲಿಕೆಯ ದಿನನಿತ್ಯದ ತೊಂದರೆಗಳನ್ನೂ ಎಣಿಸಿಕೊಳ್ಳಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ನಡೆಯುವ ನೇರ ತರಗತಿ ನಿಮಗೆ ಬೇಸಿಗೆಯಲ್ಲಿ ನಸುಕಿನ ನಾಲ್ಕೂವರೆಗೆ, ಚಳಿಗಾಲದಲ್ಲಿ ಐದೂವರೆಗೆ. ಮಳೆಗಾಲದಲ್ಲಿ ನಮ್ಮಲ್ಲಿ ವಿದ್ಯುತ್ತು ಮತ್ತು ನೆಟ್‌ವರ್ಕ್ ಯಾವಾಗ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ; ಹಾಜರಾತಿಯ ನಿಯಮ ಅದನ್ನು ಒಪ್ಪುತ್ತದೆಯೇ ಎಂದು ಕೇಳಿ. ದೂರದ ಮೇಲ್ವಿಚಾರಕರಿಗೆ ಮಕ್ಕಳ ವಿಡಿಯೊ ಕಳುಹಿಸಬೇಕಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ದೃಢೀಕೃತ ಒಪ್ಪಿಗೆಯನ್ನು ಬಯಸುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರ ಬಾಯಿಮಾತಿನ ಒಪ್ಪಿಗೆ ಸಾಲದು, ತಂದೆತಾಯಿಯ ಲಿಖಿತ ಒಪ್ಪಿಗೆ ಇರಲಿ, ಅದು ಅವರಿಗೆ ಓದಲು ಬರುವ ಭಾಷೆಯಲ್ಲಿರಲಿ.

ಕೋರ್ಸಿನ ಒಳಗೆ ಏನು ಕಲಿಸುತ್ತಾರೆ ಎಂಬುದನ್ನು ಅಳೆಯಲು ಒಂದು ಸುಲಭದ ಪ್ರಶ್ನೆ ಇದೆ. ಈ ಶಾಸ್ತ್ರದ ಮೇಲೆ ವಯಸ್ಕ ಆಟಿಸ್ಟಿಕ್ ವ್ಯಕ್ತಿಗಳು ಎತ್ತಿರುವ ಟೀಕೆಗಳನ್ನು ಎಲ್ಲಿ, ಎಷ್ಟು ಗಂಟೆ ಚರ್ಚಿಸುತ್ತೀರಿ ಎಂದು ಕೇಳಿ. ಅಮೆರಿಕದ ಮನಃಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ವರ್ತನಾ ವಿಶ್ಲೇಷಣೆಯನ್ನು ಆಧರಿಸಿದ ಚಿಕಿತ್ಸೆಗೆ ಹೆಸರು ತಂದುಕೊಟ್ಟಿತು: ವಾರಕ್ಕೆ 40 ಗಂಟೆಗಳ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲಾ ಮಟ್ಟ ತಲುಪಿದರು ಎಂದು ಅವರು ಬರೆದರು. ಆದರೆ ಮಕ್ಕಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿರಲಿಲ್ಲ, ಗದರಿಕೆ ಮತ್ತು ತೊಡೆಗೆ ಏಟು ಕೂಡ ಆ ವಿಧಾನದ ಭಾಗವಾಗಿದ್ದವು. ಜಾಹೀರಾತುಗಳು ಮೊದಲ ವಾಕ್ಯವನ್ನು ಮಾತ್ರ ಹೇಳುತ್ತವೆ. ‘ಕಣ್ಣಿಗೆ ಕಣ್ಣಿಟ್ಟು ನೋಡು’, ‘ಕೈ ಅಲ್ಲಾಡಿಸಬೇಡ’ ಎಂಬಂಥ, ಯಾರಿಗೂ ನೋವಾಗದ ಅಭ್ಯಾಸಗಳನ್ನು ತಿದ್ದುವುದನ್ನೇ ಗುರಿಯಾಗಿ ಕಲಿಸುವ ಕೋರ್ಸು ಉಚಿತವಾಗಿ ಸಿಕ್ಕರೂ ನಾನು ನಿಮ್ಮನ್ನು ಅಲ್ಲಿಗೆ ಕಳುಹಿಸಲಾರೆ. ಬಾಗಿಲಲ್ಲಿ ಮಲಗುತ್ತಿದ್ದ ಆ ಹುಡುಗನನ್ನು ಅಂಥ ಕೋರ್ಸು ಓದಿದವರು ಎಬ್ಬಿಸಿ ನಿಲ್ಲಿಸುತ್ತಿದ್ದರು, ಮೈಕಿನ ಮುಂದೆಯೇ.

ಕೊನೆಯದಾಗಿ ನೀವು ಕಟ್ಟಿರುವ ನೋಂದಣಿ ಶುಲ್ಕ ಮತ್ತು ಸಾಲದ ವಿಚಾರ. ಸಂಸ್ಥೆಗೆ ಇಂದೇ ಒಂದು ಇಮೇಲ್ ಬರೆಯಿರಿ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ಭಾರತದಲ್ಲಿ ವಾಸಿಸುವ ನಾನು ಈ ಕೋರ್ಸು ಮುಗಿಸಿದರೆ ಯಾವ ಮಂಡಳಿಯ ಯಾವ ಪರೀಕ್ಷೆಗೆ ಅರ್ಹಳಾಗುತ್ತೇನೆ, ಪದವಿ ಕೊಡುವವರು ಯಾರು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ, ನೂರು ಗಂಟೆಗಳ ಮೇಲ್ವಿಚಾರಣೆ ಶುಲ್ಕದಲ್ಲಿ ಸೇರಿದೆಯೇ ಎಂದು ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಅದೇ ಇಮೇಲಿನ ಸರಣಿಯಲ್ಲಿ ಪ್ರವೇಶ ರದ್ದುಮಾಡಿ ಶುಲ್ಕ ಹಿಂದಿರುಗಿಸುವಂತೆ ಬರೆಯಿರಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ‘ಕಂತಿನಲ್ಲಿ ಕಟ್ಟಿ’ ಎಂದು ಅವರು ಕೊಡಿಸುವುದು ಬಹಳ ಸಲ ಸಂಸ್ಥೆಯ ಕಂತಲ್ಲ, ಹಣಕಾಸು ಕಂಪನಿಯೊಂದರ ಸಾಲ. ಕೋರ್ಸು ಬಿಟ್ಟರೂ ಕಂತು ನಿಲ್ಲುವುದಿಲ್ಲ. ನೋಂದಣಿಯ ಹೊತ್ತಿಗೆ ಪಾನ್, ಆಧಾರ್ ಕೊಟ್ಟು ಮೊಬೈಲಿಗೆ ಬಂದ ಒಟಿಪಿ ಹೇಳಿದ್ದೀರಾ ಎಂದು ನೆನಪಿಸಿಕೊಳ್ಳಿ. ಹೇಳಿದ್ದರೆ ಸಾಲ ಆಗಲೇ ಮಂಜೂರಾಗಿರಬಹುದು. ಡಿಜಿಟಲ್ ಸಾಲ ಪಡೆದವರು ದಂಡವಿಲ್ಲದೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ಹಿಂದೆ ಸರಿಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಆದರೆ ಆ ಅವಧಿ ಬಹಳ ಚಿಕ್ಕದು. ಆದ್ದರಿಂದ ಇಮೇಲ್ ಬರೆಯುವ ಮೊದಲು ಬ್ಯಾಂಕಿನ ಖಾತೆಯಲ್ಲಿ ಸ್ವಯಂ ಪಾವತಿಯ ಒಪ್ಪಿಗೆ ಯಾವುದಾದರೂ ಹೊಸದಾಗಿ ಕೂತಿದೆಯೇ ಎಂದು ನೋಡಿ.